ಇಸವಿ ಯಾರ ಸ್ವತ್ತು?

ಬರ್ಬೆರಿ ಕಂಪನಿ ತನ್ನ ಪ್ರತಿ ಕೋಟಿನ ಜೊತೆಗೆ ಒಂದು ಇಸವಿಯನ್ನೂ ಮಾರುತ್ತದೆ: 1856. ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿತಿದ್ದ ಇಪ್ಪತ್ತೊಂದು ವರ್ಷದ ಥಾಮಸ್ ಬರ್ಬೆರಿ, ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಬೇಸಿಂಗ್‌ಸ್ಟೋಕ್‌ನಲ್ಲಿ ಸ್ವಂತ ಅಂಗಡಿ ತೆರೆದ ವರ್ಷ ಅದು. ಆ ಕಂಪನಿಯ ಟ್ರೆಂಚ್ ಕೋಟಿಗೆ ಈಗ ಸುಮಾರು ಎರಡು ಸಾವಿರ ಪೌಂಡ್ ಬೆಲೆ. ಅಷ್ಟು ದುಡ್ಡು ಕೊಡುವವರು ಬರೀ ಹತ್ತಿ ಬಟ್ಟೆಗೆ, ಗುಂಡಿಗೆ, ಹೊಲಿಗೆಗೆ ಕೊಡುವುದಿಲ್ಲ. ಒಂದೂವರೆ ಶತಮಾನ ದಾಟಿದ ಹೆಸರಿಗೂ ಸೇರಿಸಿ ಕೊಡುತ್ತಾರೆ. ಆ ಹೆಸರನ್ನು ದುಡಿದು ಗಳಿಸಿಕೊಟ್ಟವರು ಯಾರು, ಅದರ ಫಲ ಉಣ್ಣುತ್ತಿರುವವರು ಯಾರು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಬಟ್ಟೆ ತಯಾರಿಸುವ ಕಂಪನಿಯ ಪರಂಪರೆ ಅದರ ಲಾಂಛನದಲ್ಲೂ ಇಲ್ಲ, ಸ್ಥಾಪಕನ ಭಾವಚಿತ್ರದಲ್ಲೂ ಇಲ್ಲ; ಅದು ಕೆಲಸಗಾರರ ಕೈಯಲ್ಲಿದೆ, ಆ ಕೈಗಳು ಪಳಗಿದ ಊರಿನಲ್ಲಿದೆ. ಪರಂಪರೆಯನ್ನು ಬೆಲೆಗೆ ಸೇರಿಸಿ ಮಾರುವ ಕಂಪನಿಗೆ ಆ ಊರಿನ ಋಣವೂ ಇರುತ್ತದೆ, ಅದನ್ನು ಕಾನೂನಿನ ಮೂಲಕವೇ ವಸೂಲು ಮಾಡಬೇಕು ಎಂಬುದು ನನ್ನ ವಾದ.

ಥಾಮಸ್ ಬರ್ಬೆರಿಯ ಸಾಧನೆಯನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗೋಣ, ಏಕೆಂದರೆ ಅದು ಸಣ್ಣದಲ್ಲ. ಮಳೆಗೆ ನೆನೆಯದ ಬಟ್ಟೆ ಆ ಕಾಲದ ಬ್ರಿಟನ್ನಿಗೆ ಹೊಸದಾಗಿರಲಿಲ್ಲ. ಗ್ಲಾಸ್ಗೋದ ರಸಾಯನ ತಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲೇ ಒಂದು ದಾರಿ ಕಂಡುಕೊಂಡಿದ್ದ. ಕಲ್ಲಿದ್ದಲ ಡಾಂಬರಿನಿಂದ ತೆಗೆದ ನ್ಯಾಫ್ತಾದಲ್ಲಿ ರಬ್ಬರ್ ಕರಗಿಸಿ, ಅದನ್ನು ಎರಡು ಬಟ್ಟೆಗಳ ನಡುವೆ ಬಳಿದು ಅಂಟಿಸುವುದು ಅವನ ವಿಧಾನ. ಆ ಬಟ್ಟೆ ನೀರು ತಡೆಯಿತು, ಜೊತೆಗೆ ಗಾಳಿಯನ್ನೂ ತಡೆಯಿತು. ತೊಟ್ಟವರು ಒಳಗೇ ಬೆವತು ಒದ್ದೆಯಾಗುತ್ತಿದ್ದರು. ಚಳಿಗೆ ಬಟ್ಟೆ ಸೆಟೆದುಕೊಳ್ಳುತ್ತಿತ್ತು, ಸೆಖೆಗೆ ಅಂಟಂಟಾಗುತ್ತಿತ್ತು, ವಾಸನೆ ಬೇರೆ.

ಬರ್ಬೆರಿಯ ಗಮನ ಹೋದದ್ದು ಸುತ್ತಮುತ್ತಲ ಕುರಿಗಾಹಿಗಳು ತೊಡುತ್ತಿದ್ದ ದೊಗಲೆ ಅಂಗಿಯತ್ತ ಎಂಬ ಕತೆಯನ್ನು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಕುರಿಯ ಮೈಜಿಡ್ಡು ಹತ್ತಿ ಹತ್ತಿ ಆ ಅಂಗಿಗೆ ಮಳೆನೀರು ಇಳಿಯುತ್ತಿರಲಿಲ್ಲವಂತೆ. ಕತೆ ಎಷ್ಟು ನಿಜವೋ, ಅವನು 1879ರಲ್ಲಿ ಮಾಡಿ ತೋರಿಸಿದ್ದು ಮಾತ್ರ ಅಪ್ಪಟ ನಿಜ. ನೇಯ್ದ ಬಟ್ಟೆಗೆ ಮೇಲಿಂದ ಏನನ್ನೋ ಬಳಿಯುವ ಬದಲು, ನೂಲನ್ನೇ ಮೊದಲು ನೀರು ಹೀರದಂತೆ ಹದ ಮಾಡಿದ. ಆಮೇಲೆ ಆ ನೂಲನ್ನು ಓರೆ ಗೆರೆಯ ಟ್ವಿಲ್ ನೇಯ್ಗೆಯಲ್ಲಿ, ಹಾಸಿನ ಎಳೆಗಳನ್ನು ಒತ್ತೊತ್ತಾಗಿ ಕೂರಿಸಿ ನೇಯಿಸಿದ. ಎಳೆಗಳು ಅಷ್ಟು ಬಿಗಿಯಾಗಿ ಕೂತಾಗ ಮಳೆಯ ಹನಿ ಒಳಗೆ ನುಗ್ಗಲಾರದೆ ಜಾರಿಹೋಗುತ್ತದೆ. ಮೈಯ ಬೆವರಿನ ಆವಿ ಮಾತ್ರ ಎಳೆಗಳ ನಡುವಿನ ಸೂಕ್ಷ್ಮ ಸಂದಿಯಿಂದ ಹೊರಗೆ ಹೋಗುತ್ತದೆ. ಗ್ಯಾಬರ್ಡೀನ್ ಎಂಬ ಈ ಬಟ್ಟೆಗೆ 1888ರಲ್ಲಿ ಪೇಟೆಂಟ್ ಸಿಕ್ಕಿತು. 1891ರಲ್ಲಿ ಲಂಡನ್ನಿನ ಹೇಮಾರ್ಕೆಟ್‌ನಲ್ಲಿ ಅಂಗಡಿ ಶುರುವಾಯಿತು. ಸಣ್ಣ ಊರಿನ ವ್ಯಾಪಾರಿಯೊಬ್ಬ ರಾಜಧಾನಿಗೆ ಹೋದದ್ದು ಹೆಸರಿನ ಬಲದಿಂದಲ್ಲ, ಬಟ್ಟೆಯ ಬಲದಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಅಲ್ಲಿಂದ ಮುಂದಿನದು ಸಾಹಸಿಗಳ ಕಾಲ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್, ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್, ಅಂಟಾರ್ಕ್ಟಿಕಾದ ಹಿಮದಲ್ಲಿ ಹಡಗು ಕಳೆದುಕೊಂಡೂ ತನ್ನವರನ್ನು ಉಳಿಸಿ ತಂದ ಶ್ಯಾಕಲ್ಟನ್, ಎಲ್ಲರೂ ಗ್ಯಾಬರ್ಡೀನ್ ತೊಟ್ಟವರೇ. 1924ರಲ್ಲಿ ಎವರೆಸ್ಟ್ ಏರಲು ಹೊರಟ ಜಾರ್ಜ್ ಮ್ಯಾಲರಿ ರೇಷ್ಮೆ ಮತ್ತು ಉಣ್ಣೆಯ ಹಲವು ಪದರಗಳ ಮೇಲೆ ಇದೇ ಬಟ್ಟೆಯ ಜಾಕೆಟ್ ಧರಿಸಿದ್ದ. ಎಪ್ಪತ್ತೈದು ವರ್ಷ ಕಳೆದು, 1999ರಲ್ಲಿ ಅವನ ಶವ ಎಂಟು ಸಾವಿರ ಮೀಟರಿಗೂ ಎತ್ತರದ ಇಳಿಜಾರಿನಲ್ಲಿ ಸಿಕ್ಕಾಗ ಮೈಮೇಲೆ ಬಟ್ಟೆಯ ಚೂರುಗಳು ಇನ್ನೂ ಉಳಿದಿದ್ದವು. ಆ ಚೂರುಗಳನ್ನು ಆಧರಿಸಿ ಹೊಸ ಉಡುಪು ಹೊಲಿಸಿ, 2006ರಲ್ಲಿ ಎವರೆಸ್ಟಿನ ಮೇಲೆಯೇ ತೊಟ್ಟು ಪರೀಕ್ಷಿಸಿದರು. ಹಗುರ, ಗಾಳಿ ತಡೆಯುತ್ತದೆ, ಕೈಕಾಲು ಆಡಿಸಲು ಸಲೀಸು ಎಂದು ತೊಟ್ಟವರೇ ಹೇಳಿದರು. ಈ ಎಲ್ಲ ಕಥನಗಳಲ್ಲಿ ತೊಟ್ಟವರ ಹೆಸರಿದೆ, ಮಾರಿದವನ ಹೆಸರಿದೆ. ನೇಯ್ದವರದೂ ಹೊಲಿದವರದೂ ಇಲ್ಲ. ಮ್ಯಾಲರಿಯ ಜಾಕೆಟ್ಟಿಗೆ ತೋಳು ಕೂರಿಸಿದವರು ಯಾರೆಂದು ಯಾವ ಚರಿತ್ರೆಯೂ ಹೇಳುವುದಿಲ್ಲ, ಆದರೆ ಕಂಪನಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವುದು ಅವರ ಕೆಲಸದ ಗಟ್ಟಿತನವನ್ನೇ.

ಟ್ರೆಂಚ್ ಕೋಟು ಹುಟ್ಟಿದ್ದು ಮೊದಲ ಮಹಾಯುದ್ಧದಲ್ಲಿ. 1912ರಲ್ಲೇ ಬರ್ಬೆರಿ ಗುಂಡಿಗಳಿಲ್ಲದ, ಸೊಂಟಪಟ್ಟಿ ಬಿಗಿದು ಕಟ್ಟುವ ಟೈಲಾಕನ್ ಎಂಬ ಕೋಟಿಗೆ ಪೇಟೆಂಟ್ ಪಡೆದಿದ್ದ. ಯುದ್ಧ ಬಂದಾಗ ಅದಕ್ಕೆ ಪದವಿಯ ಚಿಹ್ನೆ ಹಾಕಲು ಭುಜಪಟ್ಟಿ, ಸಾಮಾನು ತೂಗುಹಾಕಲು ಲೋಹದ ಬಳೆ, ಮಳೆನೀರು ಎದೆಯೊಳಗೆ ಇಳಿಯದಂತೆ ಮೇಲು ಮಡಿಕೆ ಸೇರಿಕೊಂಡವು. ಅಧಿಕಾರಿಗಳು ತಮ್ಮ ಸಮವಸ್ತ್ರವನ್ನು ತಾವೇ ಕೊಂಡುಕೊಳ್ಳುತ್ತಿದ್ದುದರಿಂದ ಈ ಕೋಟು ಅವರದ್ದಾಯಿತು. ಅದೇ ಕಂದಕದಲ್ಲಿ, ಅದೇ ಕೆಸರಿನಲ್ಲಿ ನಿಂತಿದ್ದ ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು ನೀರು ಕುಡಿದು ಭಾರವಾಗುವ ಉಣ್ಣೆಯ ದಪ್ಪ ಕೋಟು. ಯುದ್ಧ ಮುಗಿದ ಮೇಲೆ ಟ್ರೆಂಚ್ ಕೋಟು ಪೇಟೆಗೆ, ಅಲ್ಲಿಂದ ಸಿನಿಮಾಕ್ಕೆ ಹೋಯಿತು. 1920ರ ದಶಕದಲ್ಲಿ ಒಳಪದರಕ್ಕೆಂದು ಬಂದ ಕಂದು, ಕಪ್ಪು, ಬಿಳಿ, ಕೆಂಪು ಗೆರೆಗಳ ಚೌಕಳಿ ಮುಂದೆ ಹೊರಗೆ ಬಂದು ಕಂಪನಿಯ ಗುರುತೇ ಆಗಿಬಿಟ್ಟಿತು.

ಥಾಮಸ್ ಬರ್ಬೆರಿ 1926ರಲ್ಲಿ ತೀರಿಕೊಂಡ. 1955ರಲ್ಲಿ ಗ್ರೇಟ್ ಯುನಿವರ್ಸಲ್ ಸ್ಟೋರ್ಸ್ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆ ಕಂಪನಿಯನ್ನು ಕೊಂಡುಕೊಂಡಿತು. ಬಟ್ಟೆಯಿಂದ ಹೆಸರು ಬೇರ್ಪಡಲು ಶುರುವಾದದ್ದು ಈ ದಶಕಗಳಲ್ಲಿ. ಜಪಾನಿನಲ್ಲಿ ಸಾನ್ಯೊ ಶೊಕೈ ಎಂಬ ಕಂಪನಿ ಪರವಾನಗಿ ಪಡೆದು ಬರ್ಬೆರಿ ಹೆಸರಿನ ಉಡುಪುಗಳನ್ನು ತಾನೇ ತಯಾರಿಸಿ ಮಾರುತ್ತಿತ್ತು. 2015ರಲ್ಲಿ ಒಪ್ಪಂದ ಮುಗಿಯುವವರೆಗೂ ಅಲ್ಲಿನ ಯುವಜನರಿಗೆ ಬರ್ಬೆರಿ ಎಂದರೆ ಅದೇ. 1997ರಲ್ಲಿ ಅಮೆರಿಕದಿಂದ ಬಂದ ರೋಸ್ ಮೇರಿ ಬ್ರಾವೊ ಮಂಕಾಗಿದ್ದ ಕಂಪನಿಗೆ ಹೊಳಪು ತಂದರು. 2002ರಲ್ಲಿ ಅದು ಲಂಡನ್ ಷೇರುಪೇಟೆಗೆ ಬಂತು. ಷೇರುಪೇಟೆಯ ಲೆಕ್ಕದಲ್ಲಿ ಹೆಸರಿಗೆ ಒಂದು ಬೆಲೆ, ಕಾರ್ಖಾನೆಗೆ ಇನ್ನೊಂದು ಬೆಲೆ. ಹೆಸರು ಆಸ್ತಿಯ ಕಡೆಗೆ ಬೀಳುತ್ತದೆ, ಕಾರ್ಖಾನೆ ಖರ್ಚಿನ ಕಡೆಗೆ. ಮುಂದೆ ಏನಾಗಬಹುದೆಂಬುದು ಅಲ್ಲೇ ಅರ್ಧ ತೀರ್ಮಾನವಾಗಿತ್ತು.

ಈಗ ಟ್ರಿಯೋರ್ಕಿಗೆ ಬರಬೇಕು. ದಕ್ಷಿಣ ವೇಲ್ಸ್‌ನ ರೊಂಡಾ ಕಣಿವೆಯಲ್ಲಿರುವ ಸಣ್ಣ ಊರು ಅದು. ಗಂಡಸರ ಗಾಯನವೃಂದಕ್ಕೆ ಹೆಸರುವಾಸಿ. ಒಂದು ಕಾಲಕ್ಕೆ ಕಣಿವೆಯ ಉದ್ದಕ್ಕೂ ಕಲ್ಲಿದ್ದಲ ಗಣಿಗಳಿದ್ದವು. ಅವು ಒಂದೊಂದಾಗಿ ಮುಚ್ಚಿ, ಕೊನೆಯದಾದ ಮೈರ್ಡಿ ಗಣಿ 1990ರಲ್ಲಿ ನಿಂತುಹೋಯಿತು. ಗಣಿ ಹೋದ ಮೇಲೆ ಆ ಮನೆಗಳಲ್ಲಿ ಒಲೆ ಉರಿಸಿದ ಕೆಲಸಗಳಲ್ಲಿ ಹೊಲಿಗೆಯೂ ಒಂದು. ಟ್ರಿಯೋರ್ಕಿಯ ಉಡುಪು ಕಾರ್ಖಾನೆ ಎರಡನೇ ಮಹಾಯುದ್ಧದ ಹೊತ್ತಿನಿಂದ ಇದ್ದದ್ದು. 1980ರ ದಶಕದ ಕೊನೆಗೆ ಬರ್ಬೆರಿಯ ಕೈಗೆ ಬಂತು. ತಾಯಿ, ಮಗಳು, ಅತ್ತೆ, ಸೊಸೆ ಎಂದು ಒಂದೇ ಮನೆಯ ಹಲವರು ಅಲ್ಲಿ ದುಡಿದರು. ಸುಮಾರು ಮುನ್ನೂರು ಮಂದಿಗೆ ಅಲ್ಲಿ ಕೆಲಸವಿತ್ತು.

2006 ಬರ್ಬೆರಿಗೆ ನೂರೈವತ್ತು ತುಂಬಿದ ವರ್ಷ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟ್ರಿಯೋರ್ಕಿ ಕಾರ್ಖಾನೆ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಅಲ್ಲಿ ತಯಾರಾಗುತ್ತಿದ್ದದ್ದು ಪೋಲೋ ಶರ್ಟುಗಳು; ಅವನ್ನು ಹೊರದೇಶಗಳಲ್ಲಿ ಬಹಳ ಅಗ್ಗಕ್ಕೆ ಮಾಡಿಸಬಹುದು, ಇಲ್ಲಿ ಮಾಡಿಸುವುದು ವ್ಯಾವಹಾರಿಕವಲ್ಲ ಎಂಬುದು ಕಾರಣ. ಆಗ ಕಂಪನಿ ನಷ್ಟದಲ್ಲಿರಲಿಲ್ಲ, ಒಳ್ಳೆಯ ಲಾಭದಲ್ಲೇ ಇತ್ತು. ಕಾರ್ಮಿಕ ಸಂಘ ಎದ್ದು ನಿಂತಿತು, ವೇಲ್ಸ್ ಮೂಲದ ನಟರು ದನಿಗೂಡಿಸಿದರು, ಪಾರ್ಲಿಮೆಂಟಿನ ವೇಲ್ಸ್ ವ್ಯವಹಾರಗಳ ಸಮಿತಿ ಕಂಪನಿಯ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸಿತು. ಬರ್ಬೆರಿಯನ್ನು ಬ್ರಿಟಿಷ್ ಆಗಿಯೇ ಉಳಿಸಿ ಎಂಬುದು ಚಳವಳಿಯ ಕೂಗು. ಪರಿಹಾರದ ಹಣ ಹೆಚ್ಚಿತು, ಕಣಿವೆಯ ಜನರಿಗೆಂದು ಒಂದು ನಿಧಿಯೂ ಬಂತು. ಆದರೆ 2007ರ ಮಾರ್ಚ್ ಕೊನೆಗೆ ಬಾಗಿಲು ಮುಚ್ಚಿಯೇ ಹೋಯಿತು.

ಕಂಪನಿಯ ಪರವಾಗಿ ಹೇಳಬಹುದಾದ ಮಾತೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಪೋಲೋ ಶರ್ಟು ಬರ್ಬೆರಿಯ ಪರಂಪರೆಯಲ್ಲ. ಗ್ಯಾಬರ್ಡೀನ್ ಕೋಟು ಅದರ ಪರಂಪರೆ, ಅದು ಇಂಗ್ಲೆಂಡಿನಲ್ಲೇ ಉಳಿಯಿತಲ್ಲ ಎನ್ನಬಹುದು. ಆದರೆ ಆ ಶರ್ಟಿನ ಬೆಲೆಯಲ್ಲೂ ಸೇರಿದ್ದು ಅದೇ ನೂರೈವತ್ತು ವರ್ಷದ ಹೆಸರು. ಮಾರುವಾಗ ಶರ್ಟು, ಕೋಟು, ಛತ್ರಿ ಎಲ್ಲವೂ ಒಂದೇ ಪರಂಪರೆಯ ಮಕ್ಕಳು. ಕಾರ್ಖಾನೆ ಮುಚ್ಚುವಾಗ ಮಾತ್ರ ಇದು ಬೇರೆ, ಅದು ಬೇರೆ ಎಂದಾಗುತ್ತದೆ. ಈ ಎರಡು ನಾಲಿಗೆಯ ಮಾತನ್ನು ನಾನು ಒಪ್ಪಲಾರೆ.

ಇನ್ನೊಂದು ನೋವಿನ ಸಂಗತಿಯೂ ಅದೇ ಕಾಲದ್ದು. 2000ದ ದಶಕದ ಆರಂಭದಲ್ಲಿ ಬ್ರಿಟನ್ನಿನ ದುಡಿಯುವ ವರ್ಗದ ಹುಡುಗರು, ಫುಟ್‌ಬಾಲ್ ಅಭಿಮಾನಿಗಳು ಬರ್ಬೆರಿ ಚೌಕಳಿಯ ಟೋಪಿ, ಸ್ಕಾರ್ಫ್ ತೊಡತೊಡಗಿದರು. ಪತ್ರಿಕೆಗಳು ಅದನ್ನು ಹೀಗಳೆದವು. ಆ ಚೌಕಳಿ ತೊಟ್ಟವರನ್ನು ಒಳಗೆ ಬಿಡದ ಪಬ್‌ಗಳೂ ಇದ್ದವು. ಕಂಪನಿ 2004ರಲ್ಲಿ ಚೌಕಳಿಯ ಬೇಸ್‌ಬಾಲ್ ಟೋಪಿ ತಯಾರಿಸುವುದನ್ನೇ ನಿಲ್ಲಿಸಿತು, ಚೌಕಳಿಯ ಬಳಕೆಯನ್ನೂ ಬಹುಮಟ್ಟಿಗೆ ತಗ್ಗಿಸಿತು. ಟ್ರಿಯೋರ್ಕಿಯ ಹೆಣ್ಣುಮಕ್ಕಳು ಹೊಲಿದರೆ ಅದು ಬ್ರಿಟಿಷ್ ಕುಶಲತೆ. ಅವರ ಮಕ್ಕಳು ತೊಟ್ಟರೆ ಹೆಸರಿಗೆ ಕಳಂಕ. ಪರಂಪರೆಯನ್ನು ಶ್ರೀಮಂತರ ಸ್ವತ್ತೆಂದು ಭಾವಿಸಿದಾಗ ಅದನ್ನು ಕಟ್ಟಿದವರಿಗೇ ಅದರ ಮೇಲೆ ಹಕ್ಕಿಲ್ಲದಂತಾಗುತ್ತದೆ.

2018ರಲ್ಲಿ ಹೊರಬಿದ್ದ ಸುದ್ದಿ ಇದಕ್ಕೂ ಮಿಗಿಲು. ಆ ವರ್ಷದ ಲೆಕ್ಕಪತ್ರದ ಪ್ರಕಾರ, ಮಾರಾಟವಾಗದೆ ಉಳಿದ 2.86 ಕೋಟಿ ಪೌಂಡ್ ಬೆಲೆಯ ಉಡುಪು, ಸುಗಂಧದ್ರವ್ಯ ಮುಂತಾದ ಸರಕನ್ನು ಕಂಪನಿ ನಾಶ ಮಾಡಿತ್ತು. ಕಡಿಮೆ ಬೆಲೆಗೆ ಮಾರಿದರೆ ಹೆಸರಿನ ಬೆಲೆ ಇಳಿಯುತ್ತದೆಂಬ ಭಯವೇ ಇಂಥ ನಾಶದ ಹಿಂದಿರುವುದು. ಸುಡುವಾಗ ಹೊರಬರುವ ಶಕ್ತಿಯನ್ನು ಬಳಸಿಕೊಳ್ಳುತ್ತೇವೆ ಎಂದು ಕಂಪನಿ ಸಮಜಾಯಿಷಿ ನೀಡಿತು. ಪ್ರತಿಭಟನೆ ಜೋರಾದ ಮೇಲೆ ಆ ಪದ್ಧತಿಯನ್ನು ಬಿಟ್ಟಿತು. ಬಿಟ್ಟದ್ದು ಒಳ್ಳೆಯದೇ. ಆದರೆ ತಯಾರಿಸಿದ ವಸ್ತುವನ್ನು ಬೆಂಕಿಗೆ ಹಾಕಿಯಾದರೂ ಹೆಸರನ್ನು ಕಾಪಾಡಬೇಕು ಎಂಬ ಹಂತಕ್ಕೆ ಒಬ್ಬ ಬಟ್ಟೆ ತಯಾರಕ ಬಂದನೆಂದರೆ, ಹೆಸರು ವಸ್ತುವಿನಿಂದ ಎಷ್ಟು ದೂರ ಸರಿದಿರಬೇಕು?

ಹಾಗೆಂದು ಎಲ್ಲವೂ ಹೋಗಿಬಿಟ್ಟಿಲ್ಲ. ಯಾರ್ಕ್‌ಷೈರ್‌ನ ಕೀತ್ಲಿಯಲ್ಲಿ ಗ್ಯಾಬರ್ಡೀನ್ ಬಟ್ಟೆ ನೇಯುತ್ತಾರೆ, ಕ್ಯಾಸಲ್‌ಫರ್ಡ್‌ನಲ್ಲಿ ಟ್ರೆಂಚ್ ಕೋಟು ಹೊಲಿಯುತ್ತಾರೆ. ಕ್ಯಾಸಲ್‌ಫರ್ಡ್ ಕೂಡ ಹಳೆಯ ಗಣಿಯೂರೇ. ಅಲ್ಲಿ ಬರ್ಬೆರಿ ಕೋಟು ತಯಾರಾಗುತ್ತಿರುವುದು 1972ರಿಂದ. ಆ ಕೋಟಿನ ಕಾಲರನ್ನು ನೋಡಬೇಕು. ಅದು ಕತ್ತಿನ ಸುತ್ತ ಚಪ್ಪಟೆಯಾಗಿ ಬೀಳಬಾರದು, ಸೆಟೆದು ನಿಲ್ಲಲೂಬಾರದು. ಬುಡದಿಂದ ತುಸು ಎದ್ದು, ಬಾಗಿ, ಭುಜದ ಮೇಲೆ ಮಲಗಬೇಕು. ಕಾಗದದ ಮೇಲೆ ನೇರ ಗೆರೆಯಾಗಿರುವುದನ್ನು ಬಟ್ಟೆಯಲ್ಲಿ ಬಾಗಿಸುವುದು ಹೊಲಿಗೆ. ಕಾಲರಿನ ಬುಡಪಟ್ಟಿಗೆ ನೂರ ಎಂಬತ್ತಕ್ಕೂ ಹೆಚ್ಚು ಪುಟ್ಟ ಹೊಲಿಗೆಗಳು ಬೀಳುತ್ತವೆ, ಅದನ್ನು ಸರಿಯಾಗಿ ಹಾಕಲು ಕಲಿಯುವುದಕ್ಕೆ ಒಂದು ವರ್ಷದವರೆಗೆ ಬೇಕಾಗುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಆ ಒಂದು ವರ್ಷದಲ್ಲಿ ಕಲಿಯುವವರ ಪಕ್ಕ ಕಲಿತವರು ಕೂತಿರಬೇಕು. ಬಟ್ಟೆಯನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಮಾತಿನಲ್ಲಿ ಹೇಳಿ ಕಲಿಸಲಾಗದು. ನೋಡಿ, ತಪ್ಪಿ, ಬಿಚ್ಚಿ, ಮತ್ತೆ ಹಾಕಿ ಬೆರಳಿಗೆ ಬರಬೇಕು. ನಾನು ಪರಂಪರೆ ಎನ್ನುವುದು ಇದನ್ನು. ಒಂದು ಪೀಳಿಗೆಯ ಕೆಲಸಗಾರರನ್ನು ಮನೆಗೆ ಕಳಿಸಿ, ಹತ್ತು ವರ್ಷ ಬಿಟ್ಟು ಬಾಗಿಲು ತೆರೆದರೆ ಆ ಕಾಲರು ತಾನಾಗಿ ಹುಟ್ಟಿಬರುವುದಿಲ್ಲ.

ಈಚಿನ ವರ್ಷಗಳಲ್ಲಿ ಕಂಪನಿಗೆ ಕಷ್ಟ ಬಂತು. 2024–25ರ ಸಾಲಿನಲ್ಲಿ ತೆರಿಗೆಗೆ ಮುನ್ನ 6.6 ಕೋಟಿ ಪೌಂಡ್ ನಷ್ಟ. ಹೊಸ ಮುಖ್ಯಸ್ಥ ಜೋಶುವಾ ಶುಲ್ಮನ್ ಫ್ಯಾಷನ್ನಿನ ಬೆನ್ನು ಬಿಟ್ಟು ಮತ್ತೆ ಮಳೆಕೋಟು, ಸ್ಕಾರ್ಫುಗಳ ಕಡೆಗೆ, ಅಂದರೆ ಹಳೆಯ ಹೆಸರಿನ ಬುನಾದಿಗೇ ಮರಳುವ ಯೋಜನೆ ಪ್ರಕಟಿಸಿದರು. ಜೊತೆಗೆ 2025ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ 1,700ರಷ್ಟು ಹುದ್ದೆಗಳ ಕಡಿತದ ಸುದ್ದಿ ಬಂತು, ಅದರಲ್ಲಿ ಕ್ಯಾಸಲ್‌ಫರ್ಡ್‌ನ ರಾತ್ರಿ ಪಾಳಿಯೂ ಸೇರಿತ್ತು. ಬೇಡಿಕೆಗಿಂತ ಉತ್ಪಾದನೆ ಹೆಚ್ಚಾಯಿತು ಎಂಬುದು ಅದಕ್ಕೆ ಕೊಟ್ಟ ಕಾರಣ. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೂ ಕಂಪನಿಯನ್ನು ಉಳಿಸುವುದು ಟ್ರೆಂಚ್ ಕೋಟು ಎಂದು ಹೇಳುತ್ತಲೇ ಟ್ರೆಂಚ್ ಕೋಟು ಹೊಲಿಯುವವರ ಪಾಳಿಯನ್ನು ಕಿತ್ತುಹಾಕುವಾಗ, ಆ ಊರಿಗೆ ಅಡ್ಡ ಮಾತಾಡುವ ಯಾವ ಅಧಿಕಾರವೂ ಇರಲಿಲ್ಲ ಎಂಬುದು ನನ್ನ ತಕರಾರು.

ಊರು ಕೈಬಿಟ್ಟರೆ ಹೆಸರಿಗೆ ಏನಾಗುತ್ತದೆಂದು ತಿಳಿಯಲು ಅಕ್ವಾಸ್ಕ್ಯೂಟಮ್‌ನ ಕತೆ ಸಾಕು. ಅದು ಬರ್ಬೆರಿಗಿಂತಲೂ ಐದು ವರ್ಷ ಹಿರಿಯ ಕಂಪನಿ. 1851ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು. ಟ್ರೆಂಚ್ ಕೋಟು ಮೊದಲು ಮಾಡಿದವರು ಯಾರೆಂದು ಇಬ್ಬರ ನಡುವೆ ಇಂದಿಗೂ ಪೈಪೋಟಿ. 1990ರಲ್ಲಿ ಜಪಾನಿನ ರೆನೌನ್ ಅದನ್ನು ಕೊಂಡುಕೊಂಡಿತು. 2012ರಲ್ಲಿ ಕಂಪನಿ ದಿವಾಳಿಯಾದಾಗ ಕಾರ್ಬಿಯಲ್ಲಿದ್ದ ಕಾರ್ಖಾನೆಯಲ್ಲಿ ನೂರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಹೆಸರು ಮಾತ್ರ ಹಾಂಕಾಂಗಿನ ಕಂಪನಿಯ ಪಾಲಾಯಿತು, ಐದು ವರ್ಷ ಕಳೆದು ಚೀನಾದ ಇನ್ನೊಂದು ಕಂಪನಿಗೆ ಹೋಯಿತು. ಕೊಂಡವರ ದೇಶ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಹೊಲಿಯುವವರನ್ನು ಬೀದಿಯಲ್ಲಿ ಬಿಟ್ಟು ಹೆಸರೊಂದನ್ನೇ ಸುಲಿದು ತೆಗೆದು ಮಾರಲು ಕಾನೂನು ಅವಕಾಶ ಕೊಡುತ್ತದೆ ಎಂಬುದು ಮುಖ್ಯ.

ಹೀಗಾಗದಂತೆ ತಡೆಯಲು ಬರುತ್ತದೆಯೇ? ಬರುತ್ತದೆ. ಅದೇ ಬ್ರಿಟನ್ನಿನಲ್ಲಿ, ಅದೇ ವರ್ಷಗಳಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಸ್ಕಾಟ್ಲೆಂಡಿನ ವಾಯವ್ಯ ತೀರದಾಚೆಗೆ ಲೂಯಿಸ್, ಹ್ಯಾರಿಸ್, ಯೂಯಿಸ್ಟ್, ಬ್ಯಾರಾ ಎಂಬ ದ್ವೀಪಗಳಿವೆ. ಒಟ್ಟಾಗಿ ಹೊರ ಹೆಬ್ರಿಡೀಸ್ ಎನ್ನುತ್ತಾರೆ. ಅಲ್ಲಿನ ಹ್ಯಾರಿಸ್ ಟ್ವೀಡ್ ಉಣ್ಣೆ ಬಟ್ಟೆ 19ನೇ ಶತಮಾನದ ನಡುಗಾಲದಿಂದ ಪ್ರಸಿದ್ಧ. ಹೆಸರು ಬಂದ ಕೂಡಲೇ ಬೇರೆ ಕಡೆಯ ಗಿರಣಿಗಳು ಅದೇ ಹೆಸರಿನಲ್ಲಿ ಮಾರತೊಡಗಿದವು. ದ್ವೀಪದವರು ಸುಮ್ಮನಿರಲಿಲ್ಲ. 20ನೇ ಶತಮಾನದ ಆರಂಭದಲ್ಲೇ ಶಿಲುಬೆಯಿರುವ ಗೋಳದ ಮುದ್ರೆಯನ್ನು ನೋಂದಾಯಿಸಿದರು. ಕೈಯಲ್ಲಿ ನೂಲುವುದು ಸಾಗದು ಎಂದಾದಾಗ 1934ರಲ್ಲಿ ನಿಯಮ ಸಡಿಲಿಸಿ, ದ್ವೀಪದಲ್ಲೇ ಇರುವ ಗಿರಣಿಯಲ್ಲಿ ನೂಲಬಹುದು ಎಂದರು. ಕಾಲಕ್ಕೆ ತಕ್ಕಂತೆ ವಿಧಾನ ಬದಲಾಯಿಸಿದರು, ನೆಲವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಈ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹ್ಯಾರಿಸ್ ಟ್ವೀಡ್ ಕಾಯಿದೆಯನ್ನೇ ಮಾಡಿತು. ಅದರ ಪ್ರಕಾರ ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು, ನೇಯ್ದ ಮೇಲೆ ಕೊನೆಯ ಹದ ಕೊಡುವುದು, ಎಲ್ಲವೂ ಹೊರ ಹೆಬ್ರಿಡೀಸ್‌ನಲ್ಲೇ ಆಗಬೇಕು. ನೇಯುವ ಕೆಲಸವಂತೂ ದ್ವೀಪವಾಸಿಗಳ ಮನೆಯಲ್ಲಿ, ಕೈಮಗ್ಗದಲ್ಲೇ ನಡೆಯಬೇಕು. ಮನೆಯ ಪಕ್ಕದ ಕೊಟ್ಟಿಗೆಯಂಥ ಕೋಣೆಯಲ್ಲಿ ಮಗ್ಗ. ವಿದ್ಯುತ್ತಿಲ್ಲದೆ ಕಾಲಿನಿಂದ ತುಳಿದೇ ನಡೆಸಬೇಕು. ಗಿರಣಿಯಿಂದ ಹಾಸು ಬರುತ್ತದೆ, ನೇಯ್ದ ಬಟ್ಟೆ ಮರಳಿ ಗಿರಣಿಗೆ ಹೋಗುತ್ತದೆ. ಕಾಯಿದೆಯಡಿ ರಚಿತವಾದ ಪ್ರಾಧಿಕಾರದವರು ಬಂದು ಪರಿಶೀಲಿಸಿ ಮೂರು ಮೀಟರಿಗೊಂದರಂತೆ ಬಟ್ಟೆಯ ಹಿಂಬದಿಗೆ ಮುದ್ರೆ ಒತ್ತುತ್ತಾರೆ. ಈ ಹೆಸರಿಗೆ ಯಾವ ಕಂಪನಿಯೂ ಒಡೆಯನಲ್ಲ.

ಈ ಕಾಯಿದೆಯ ಬಲ ಪರೀಕ್ಷೆಗೆ ಒಳಗಾದದ್ದು ಟ್ರಿಯೋರ್ಕಿಯ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲೇ. 2006ರಲ್ಲಿ ಯಾರ್ಕ್‌ಷೈರ್‌ನ ಜವಳಿ ಉದ್ಯಮಿಯೊಬ್ಬರು ಸ್ಟೋರ್ನೋವೆಯ ದೊಡ್ಡ ಗಿರಣಿಯನ್ನು ಕೊಂಡುಕೊಂಡರು. ಸಾವಿರಾರು ವಿನ್ಯಾಸಗಳಿದ್ದ ಕಡೆ ನಾಲ್ಕನ್ನು ಮಾತ್ರ ಇಟ್ಟುಕೊಂಡು, ಬಟ್ಟೆಯನ್ನು ತಮ್ಮ ಸ್ವಂತ ಜಾಕೆಟ್ಟುಗಳಿಗಷ್ಟೇ ಬಳಸಲು ನಿರ್ಧರಿಸಿದರು. ನೇಕಾರರಿಗೆ ಕೆಲಸ ತಪ್ಪಿತು. ಉಳಿದ ಕಡೆಗಳಲ್ಲಾದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಹೆಸರು ಕೊಂಡವರ ಜೇಬಿನಲ್ಲಿರುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಗಿರಣಿಯನ್ನು ಕೊಳ್ಳಬಹುದಿತ್ತು, ಹೆಸರನ್ನು ಕೊಳ್ಳಲು ಬರುತ್ತಿರಲಿಲ್ಲ. 2007ರಲ್ಲೇ ಲೂಯಿಸ್ ದ್ವೀಪದ ಶಾಬೋಸ್ಟ್ ಎಂಬ ಹಳ್ಳಿಯಲ್ಲಿ ಮುಚ್ಚಿದ್ದ ಗಿರಣಿಯೊಂದನ್ನು ಹೊಸಬರು ತೆರೆದರು, ನೇಕಾರರು ಮತ್ತೆ ಮಗ್ಗ ತುಳಿದರು, ಅದೇ ಮುದ್ರೆ ಬಿತ್ತು. ಅದೇ ವರ್ಷ ವೇಲ್ಸ್‌ನ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದರೂ ಸೋತರು. ದ್ವೀಪದವರು ಹೆಚ್ಚು ಧೈರ್ಯವಂತರು, ಟ್ರಿಯೋರ್ಕಿಯವರು ಕಡಿಮೆ ಎಂದಲ್ಲ; ದ್ವೀಪದವರ ಬೆನ್ನಿಗೆ ಕಾಯಿದೆಯಿತ್ತು, ಟ್ರಿಯೋರ್ಕಿಯವರ ಬೆನ್ನಿಗೆ ಇರಲಿಲ್ಲ.

ಇಲ್ಲಿ ನಮ್ಮ ಕಡೆಯಿಂದ ಏಳಬಹುದಾದ ಆಕ್ಷೇಪವನ್ನು ಎದುರಿಸಲೇಬೇಕು. ವೇಲ್ಸ್‌ನಿಂದ ಹೊರಟ ಹೊಲಿಗೆ ಕೆಲಸ ಬಡ ದೇಶಗಳಿಗೆ ತಾನೆ ಹೋಗುವುದು? ಬ್ರಿಟನ್ನಿನ ಅಂಗಡಿಗಳಿಗೆ ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮಸಂದ್ರದ ಕಾರ್ಖಾನೆಗಳಿಂದಲೂ ಬಟ್ಟೆ ಹೋಗುತ್ತದೆ. ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗಿ ಮನೆ ನಡೆಸುತ್ತಿದ್ದಾರೆ. ಆ ನೂರೈವತ್ತು ವರ್ಷಗಳ ಪರಂಪರೆಯಲ್ಲಿ ಸಾಮ್ರಾಜ್ಯದ ಪಾಲೂ ಇದೆ. ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದು ಬೆಳೆದ ಜವಳಿ ಉದ್ಯಮದ ಊರುಗಳಿಗಾಗಿ ನಾವೇಕೆ ಮರುಗಬೇಕು ಎಂದು ಯಾರಾದರೂ ಕೇಳಿದರೆ ಆ ಸಿಟ್ಟಿಗೆ ಕಾರಣವಿದೆ.

ಆದರೆ ಕೆಲಸ ಇಲ್ಲಿಗೆ ಬಂದಾಗ ಯಾವ ರೂಪದಲ್ಲಿ ಬಂತು ಎಂದು ನೋಡಿ. ಬಂದದ್ದು ಕೂಲಿ ಮಾತ್ರ, ಹೆಸರಿನ ಪಾಲಲ್ಲ. ಲೈನಿನಲ್ಲಿ ಕೂತವರಲ್ಲಿ ಒಬ್ಬರಿಗೆ ಕಾಲರು, ಒಬ್ಬರಿಗೆ ಕಫ್, ಒಬ್ಬರಿಗೆ ತೋಳು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್, ತಪ್ಪಿದರೆ ಸೂಪರ್‌ವೈಸರ್ ಬೈಗುಳ. ಒಂದು ವರ್ಷ ಕೂತು ಒಂದು ಕಾಲರು ಕಲಿಯುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಇಳಿದದ್ದನ್ನು ನೆನಪಿಸಿಕೊಳ್ಳಿ. ಭವಿಷ್ಯ ನಿಧಿಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮ ಅವರನ್ನು ಕೆರಳಿಸಿತ್ತು. ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಕೋಪದ ಹಿಂದಿನ ಲೆಕ್ಕ ಸ್ಪಷ್ಟವಿದೆ. ಆ ವಯಸ್ಸಿನವರೆಗೆ ಈ ಕೆಲಸದಲ್ಲಿ ಉಳಿಯುತ್ತೇವೆಂಬ ನಂಬಿಕೆ ಅವರಲ್ಲಿ ಯಾರಿಗೂ ಇರಲಿಲ್ಲ. ಕೂಲಿ ತುಸು ಏರಿದರೆ ಕಾರ್ಖಾನೆಗಳು ಇನ್ನೂ ಅಗ್ಗದ ಊರುಗಳನ್ನು ಹುಡುಕಿಕೊಂಡು ಹೋಗುತ್ತವೆ. ಟ್ರಿಯೋರ್ಕಿಗೆ ಆದದ್ದು ಪೀಣ್ಯಕ್ಕೂ ಆಗುತ್ತದೆ. ಹಾಗಾಗಿ ವೇಲ್ಸ್‌ನ ಕಾರ್ಮಿಕಳೂ ಬೆಂಗಳೂರಿನ ಕಾರ್ಮಿಕಳೂ ಎದುರಾಳಿಗಳಲ್ಲ. ಇಬ್ಬರೂ ಒಂದೇ ಲೆಕ್ಕದ ಖರ್ಚಿನ ಕಲಂನಲ್ಲಿ ಇರುವವರು.

ಇನ್ನು ನಮ್ಮವೇ ಆದ ಹೆಸರುಗಳ ವಿಷಯ. ಮೈಸೂರು ಸಿಲ್ಕ್‌ಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದ ಆ ಕಾರ್ಖಾನೆಯ ಹೆಸರು ಇಂದು ರಾಜ್ಯ ಸರ್ಕಾರದ ನಿಗಮದ ಕೈಯಲ್ಲಿದೆ. ಖಾಸಗಿಯವರು ಅದನ್ನು ಕೊಂಡು ಬೇರೆಡೆಗೆ ಒಯ್ಯಲಾಗದು, ಅಷ್ಟರಮಟ್ಟಿಗೆ ಕ್ಷೇಮ. ಇಳಕಲ್ ಸೀರೆಗೂ ಮಾನ್ಯತೆ ಸಿಕ್ಕಿದೆ. ಆದರೆ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ನೇಕಾರರ ಪಕ್ಕದಲ್ಲೇ, ಅದೇ ಹೆಸರಿನಲ್ಲಿ ಪವರ್‌ಲೂಮ್ ಸೀರೆ ಅರ್ಧ ಬೆಲೆಗೆ ಮಾರಾಟವಾಗುತ್ತದೆ. ಮಾನ್ಯತೆಯ ಪತ್ರವಿದ್ದರೂ ಮೂರು ಮೀಟರಿಗೊಮ್ಮೆ ಬಂದು ನೋಡಿ ಮುದ್ರೆ ಒತ್ತುವವರು ನಮ್ಮಲ್ಲಿಲ್ಲ. ಹೆಬ್ರಿಡೀಸ್‌ನಿಂದ ನಾವು ತರಬೇಕಾದ್ದು ಆ ಪರಿಶೀಲನೆಯ ಶಿಸ್ತನ್ನು. ಪ್ರಾಧಿಕಾರದಲ್ಲಿ ನೇಕಾರರೇ ಕೂತಿರಬೇಕು, ಮುದ್ರೆಯ ಖರ್ಚನ್ನು ಮಾರುವವರು ಭರಿಸಬೇಕು, ಮುದ್ರೆಯಿಲ್ಲದೆ ಆ ಹೆಸರಿನಲ್ಲಿ ಮಾರುವ ಅಂಗಡಿಗೆ ದಂಡ ಬೀಳಬೇಕು.

ಗಾರ್ಮೆಂಟ್ಸ್ ಘಟಕಗಳ ವಿಷಯದಲ್ಲಿ ಸರ್ಕಾರದ ಕೈಯಲ್ಲಿ ಇನ್ನೂ ಸರಳವಾದ ಸಾಧನವಿದೆ. ರಾಜ್ಯದ ಜವಳಿ ನೀತಿ ಈ ಘಟಕಗಳಿಗೆ ಬಂಡವಾಳದ ಮೇಲೆ ಸಹಾಯಧನ ಕೊಡುತ್ತದೆ, ಅದು ಜನರ ದುಡ್ಡು. ಎಷ್ಟು ಮೆಷಿನ್ ಹಾಕಿದಿರಿ ಎಂದು ಕೇಳಿ ದುಡ್ಡು ಕೊಡುವುದರ ಜೊತೆಗೆ, ಒಂದೇ ಘಟಕದಲ್ಲಿ ಐದು ವರ್ಷ ದಾಟಿದ ಟೈಲರ್‌ಗಳು ಎಷ್ಟು ಮಂದಿ, ಇಡೀ ಉಡುಪು ಹೊಲಿಯಲು ಬಲ್ಲವರು ಅವರಲ್ಲಿ ಎಷ್ಟು ಮಂದಿ ಎಂದೂ ಕೇಳಲಿ; ಎರಡನೇ ಕಂತನ್ನು ಆ ಲೆಕ್ಕ ನೋಡಿಯೇ ಬಿಡುಗಡೆ ಮಾಡಲಿ.